ಸುಡಬೇಕಿದ್ದ ಎಲೆಗಳ ವಿಷಯವಾಗಿ ನಮ್ಮ ಹಿತ್ತಲಿನ ಟರ್ಕಿಕೋಳಿಯವರಿಗೆ

ಮಾನ್ಯರೇ,

ಕಪ್ಪು ಮೈ, ಕೆಂಪು ಬೋಳುತಲೆ, ಕೊರಳಲ್ಲಿ ಹಳದಿ ಚೀಲ ಹೊತ್ತು, ಬಿನಾಲಾ ಗುಡ್ಡದ ನಮ್ಮ ಬೀದಿಯಲ್ಲಿ ಕಾರುಗಳಿಗೂ ದಾರಿ ಬಿಡದೆ ಓಡಾಡುವ ತಮಗೆ, ಎನಿಡ್ ಅತ್ತೆಯ ಮನೆಯಲ್ಲಿರುವ ಟೆಸ್ ಎಂಬ ನಾನು ಮಾಡುವ ನಮಸ್ಕಾರಗಳು. ತಾವು ಕ್ಷೇಮವೆಂಬುದು ಅಡುಗೆಮನೆಯ ಕಿಟಕಿಯಿಂದಲೇ ಕಾಣುತ್ತಿದೆ. ನಾವು ಅಷ್ಟು ಕ್ಷೇಮವಾಗಿಲ್ಲ.

ಹೋದ ಬೇಸಿಗೆಯಲ್ಲಿ ಗುಡ್ಡದಾಚೆಯ ಕಾಡು ಹೊತ್ತಿಕೊಂಡಾಗ, ಹಾರಿಬಂದ ಕಿಡಿಗಳು ಹಿಂದಿನ ಜಗಲಿಯ ಒಣ ಎಲೆಗಳ ಮೇಲೆ ಬಿದ್ದು ಅರ್ಧ ಜಗಲಿ ಸುಟ್ಟುಹೋಯಿತು. ಮರದ ಮನೆ, ಉಳಿದದ್ದೇ ಹೆಚ್ಚು. ಹಾಗಾಗಿ ಈ ಸಲ ಮೊದಲೇ ನೀಲಗಿರಿ ಮರಗಳ ಎಲೆ, ತೊಗಟೆಗಳನ್ನೆಲ್ಲ ಗುಡಿಸಿ, ಮನೆಯಿಂದ ದೂರ ಹುಲ್ಲು ಕೆರೆದ ಜಾಗದಲ್ಲಿ ರಾಶಿ ಹಾಕಿ, ಊರಿನ ಕೌನ್ಸಿಲ್‌ನಿಂದ ಬೆಂಕಿ ಹಚ್ಚಲು ಪರವಾನಗಿ ತಂದು, ಅಕ್ಕಪಕ್ಕದವರಿಗೆ ತಿಳಿಸಿ, ನೀರಿನ ಪೈಪನ್ನು ಅಲ್ಲಿಯವರೆಗೆ ಎಳೆದಿಟ್ಟು, ಶನಿವಾರ ಸುಡುವುದೆಂದು ನಿಶ್ಚಯಿಸಿದ್ದೆವು. ಆ ಶನಿವಾರ ತಪ್ಪಿದರೆ, ಕಾಳ್ಗಿಚ್ಚಿನ ಭಯಕ್ಕೆ ಹಾಕುವ ನಿಷೇಧದಿಂದಾಗಿ, ಬೇಸಿಗೆ ಮುಗಿಯುವವರೆಗೆ ಹಿತ್ತಲಲ್ಲಿ ಯಾರೂ ಬೆಂಕಿ ಹಚ್ಚುವಂತಿಲ್ಲ.

ತಾವು ಈ ಸಿದ್ಧತೆಯನ್ನು ತಮಗೆ ಕೊಟ್ಟ ಉಡುಗೊರೆಯೆಂದು ತಿಳಿದಿರಿ. ಅತ್ತೆಯ ಕಣ್ಣಿನ ಆಪರೇಷನ್ನಿಗೆ ನಾವು ಕೆಲವು ದಿನ ಪೇಟೆಯಲ್ಲಿದ್ದಾಗ ಇಡೀ ರಾಶಿಯನ್ನು ಕಾಲಿನಿಂದ ಹಿಂದಕ್ಕೆ ಒದೆಯುತ್ತಾ ಅಂಗಳ ದಾಟಿಸಿ, ಅಡುಗೆಮನೆಯ ಮರದ ಗೋಡೆಗೆ ಒರಗಿಸಿ, ಗ್ಯಾಸ್ ಸಿಲಿಂಡರಿನ ಪಕ್ಕದಲ್ಲೇ, ತಮ್ಮ ಕಾಡುಕುಲದ ಪದ್ಧತಿಯಂತೆ, ಮೊಟ್ಟೆಗೆ ಕಾವು ಕೊಡುವ ದಿಬ್ಬ ಕಟ್ಟಿದಿರಿ. ತಮ್ಮ ಶ್ರೀಮತಿಯರು ಒಬ್ಬರಾದ ಮೇಲೊಬ್ಬರು ಬಂದು ಅದರಲ್ಲಿ ಮೊಟ್ಟೆಯಿಟ್ಟು ಹೋದರು.

ಕೌನ್ಸಿಲ್ ಕಚೇರಿಯ ಒಂದು ಮೇಜಿನಲ್ಲಿ, ಗೋಡೆಗೆ ತಾಗಿದ ಎಲೆಗಳನ್ನು ಕೂಡಲೇ ತೆಗೆಯಿರಿ, ತೆಗೆಯದಿದ್ದರೆ ತಪ್ಪು ಎಂದರು. ಇನ್ನೊಂದರಲ್ಲಿ, ಇವು ಕಾನೂನು ರಕ್ಷಿಸುವ ಹಕ್ಕಿಗಳು, ಮೊಟ್ಟೆಯಿರುವ ದಿಬ್ಬವನ್ನು ಮುಟ್ಟಿದರೆ ಅಪರಾಧ ಎಂದರು. ಎರಡು ಮೇಜುಗಳ ನಡುವೆ ಒಂದು ಹೂಕುಂಡ ಮಾತ್ರವಿತ್ತು.

ಶನಿವಾರ ಊರಿನ ಅಗ್ನಿಶಾಮಕ ದಳದ ಕ್ಯಾಪ್ಟನ್ ಡಾರ್ಸಿ ಬಂದವರು, “ಏನ್ ಎನಿಡಕ್ಕಾ, ಬೆಂಕಿಗೆ ಅಂತ ಕರೆದು ಬಾಣಂತನ ತೋರಿಸ್ತಿದೀಯಲ್ಲ!” ಎಂದು ನಕ್ಕರು.

“ನಗಬೇಡ ಕಣಯ್ಯಾ. ಬೇರೆ ಯಾರಾದ್ರೂ ಆಗಿದ್ರೆ ಬಾಡಿಗೆ ಕೇಳ್ತಿದ್ದೆ. ಇವನನ್ನ ಕೇಳಿದ್ರೆ ಅಟ್ಟಿಸ್ಕೊಂಡು ಬರ್ತಾನೆ,” ಎಂದರು ಅತ್ತೆ.

ಡಾರ್ಸಿ ಸಿಲಿಂಡರನ್ನು ಆಚೆ ಬದಿಗೆ ಸಾಗಿಸಿಕೊಟ್ಟು, ಮರಿಗಳು ಹೋಗುವವರೆಗೆ ದಿಬ್ಬದ ಮೈಯನ್ನು ಒದ್ದೆಯಾಗಿಡಿ, ಬೇರೆ ದಾರಿಯಿಲ್ಲ ಎಂದರು. ಅಂದಿನಿಂದ ನಾವು ಸ್ನಾನದ ನೀರನ್ನೆಲ್ಲ ತಮಗೆ ಅರ್ಪಿಸುತ್ತಿದ್ದೇವೆ. ತಾವು ಅದನ್ನು ಮಳೆಯೆಂದು ಭಾವಿಸಿ ಇನ್ನಷ್ಟು ಎಲೆ ತರುತ್ತಿದ್ದೀರಿ.

ಆದರೂ ತಮ್ಮನ್ನು ಹೊಗಳದೆ ಇರಲಾರೆ. ಉರಿಯುವ ರಾಶಿಯ ಬಳಿ ಜವಾಬ್ದಾರಿಯುಳ್ಳ ವಯಸ್ಕರೊಬ್ಬರು ಸದಾ ಇರಬೇಕು, ಪೂರ್ತಿ ಆರುವವರೆಗೆ ಬಿಟ್ಟು ಹೋಗಬಾರದು ಎಂದು ಪರವಾನಗಿಯಲ್ಲಿದೆ. ಪಕ್ಕದ ಮನೆಯವರು ಬೆಂಕಿ ಹಚ್ಚಿ ಫುಟ್‌ಬಾಲ್ ನೋಡಲು ಒಳಗೆ ಹೋಗುತ್ತಿದ್ದರು. ತಾವೋ ಬೆಂಕಿಯೇ ಇಲ್ಲದೆ, ಕೊಳೆಯುವ ಎಲೆಯಿಂದಲೇ ಕಾವು ಹುಟ್ಟಿಸಿ, ಹಗಲೆಲ್ಲ ಅಲ್ಲೇ ನಿಂತು, ತಲೆಯನ್ನೇ ಒಳಗೆ ತೂರಿಸಿ ಬಿಸಿ ನೋಡಿ, ಹೆಚ್ಚಾದರೆ ಎಲೆ ತೆಗೆದು, ಕಡಿಮೆಯಾದರೆ ಸೇರಿಸುತ್ತೀರಿ. ಇಡೀ ಬೀದಿಯಲ್ಲಿ ನಿಯಮ ಪಾಲಿಸುವವರು ತಾವೊಬ್ಬರೇ. ಪರವಾನಗಿ ಮಾತ್ರ ಇಲ್ಲ.

ಆದ್ದರಿಂದ ವಿನಂತಿಸುವುದೇನೆಂದರೆ, ಬಿಸಿಗಾಳಿ ಬೀಸುವ ಮುನ್ನವೇ ಹೊರಬರುವಂತೆ ಮರಿಗಳಿಗೆ ಆಜ್ಞಾಪಿಸಬೇಕು. ಮುಂದಿನ ವರ್ಷ ದಿಬ್ಬಕ್ಕಾಗಿ ಕೌನ್ಸಿಲ್ ಕಚೇರಿಯ ಗೋಡೆಯನ್ನು ಪರಿಶೀಲಿಸಬೇಕು, ಅಲ್ಲಿ ನೆರಳು ಚೆನ್ನಾಗಿದೆ.

ಇನ್ನೊಂದು ಮಾತು. ಕಾಳ್ಗಿಚ್ಚಿನ ಸೈರನ್ ಕೂಗಿದರೆ ನಾನು ಅತ್ತೆಯನ್ನು ಕಾರಿನಲ್ಲಿ ಕೂರಿಸಿಕೊಂಡು ಹೊರಡುತ್ತೇನೆ. ಮನೆ ಉಳಿದರೆ ಉಳಿಯಲಿ ಎಂದು ಅವರು ಒಪ್ಪಿದ್ದಾರೆ. ನಿನ್ನೆ ಮಾತ್ರ, “ಅವನನ್ನೂ ಹಿಡ್ಕೊಂಡು ಹೋಗೋಕಾಗುತ್ತೇನೇ, ಟೆಸ್?” ಎಂದು ಕೇಳಿದರು. ತಮ್ಮ ಉಗುರುಗಳನ್ನು ನೋಡಿ ನಾನು ಈ ಪತ್ರ ಬರೆಯಲು ಕೂತೆ. ರಾಶಿಯನ್ನು ಬಿಟ್ಟು ಹೋಗಬಾರದೆಂಬ ಆ ನಿಯಮವನ್ನು ಅಂದು ಒಂದು ದಿನ ತಾವು ದಯವಿಟ್ಟು ಮುರಿಯಬೇಕು.

ತಮ್ಮ ವಿಶ್ವಾಸಿ ಹಾಗೂ ಎಲೆ ಪೂರೈಕೆದಾರಳು,
ಟೆಸ್

ವಿ.ಸೂ.: ಈ ಪತ್ರದ ನಕಲನ್ನು ಕೌನ್ಸಿಲ್‌ಗೂ ಕಳಿಸಿದ್ದೇನೆ. ಮೊದಲ ಉತ್ತರವನ್ನು ತಮ್ಮಿಂದಲೇ ನಿರೀಕ್ಷಿಸುತ್ತಿದ್ದೇನೆ.