ಟವಲಿನ ಹಂಸ

ನನಗೆ ಹೊಟ್ಟೆಕಿಚ್ಚು ಎಂಬುದೇ ಇಲ್ಲ. ಬೇಕಾದರೆ ದಾವಣಗೆರೆಯ ಮಂಡಿಪೇಟೆಯಲ್ಲಿ ಯಾರನ್ನಾದರೂ ಕೇಳಿ. ನನ್ನ ಅಕ್ಕಿ ಅಂಗಡಿಯ ಎದುರಿಗೇ ಇನ್ನೊಬ್ಬ ಅಕ್ಕಿ ಅಂಗಡಿ ತೆರೆದಾಗಲೂ ನಕ್ಕು ಪೇಡೆ ತಿಂದವನು ನಾನು. ಆದರೆ ಹರಿಹರದ ಷಡ್ಡಕ ಚನ್ನಬಸಪ್ಪನ ವಿಷಯ ಬೇರೆ. ಅವನು ಕೆಮ್ಮಿದರೂ ನನಗಿಂತ ಚೆನ್ನಾಗಿ ಕೆಮ್ಮಿದನಲ್ಲ ಎಂದು ಉರಿಯುತ್ತದೆ!

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಒಮ್ಮೆ ದುಡ್ಡು ಕಟ್ಟಿದರೆ ವರ್ಷಕ್ಕೊಂದು ವಾರ ರೆಸಾರ್ಟಿನ ರೂಮು ನಮ್ಮದೇ ಎನ್ನುವ ಟೈಮ್‌ಶೇರ್ ಆಗ ಹೊಸದು. ಚನ್ನಬಸಪ್ಪ ಅದಕ್ಕೆ ಮೆಂಬರಾದ. ಹೋಗಿ ಬಂದ. ನಮ್ಮನ್ನು ಹರಿಹರಕ್ಕೆ ಊಟಕ್ಕೆ ಕರೆದು, ಕೈ ತೊಳೆಯುವ ಮೊದಲೇ ಆಲ್ಬಂ ತೆಗೆದ.

ಫೋಟೊದಲ್ಲಿ ಒಂದು ಮಂಚ. ಮಂಚದ ಮೇಲೆ ಬಿಳಿ ಟವಲಿನಲ್ಲಿ ಮಾಡಿದ ಹಂಸ. ಹಂಸದ ಪಕ್ಕ ಚನ್ನಬಸಪ್ಪ, ತಾನೇ ಮೊಟ್ಟೆಯಿಟ್ಟು ಮರಿ ಮಾಡಿದವನಂತೆ ಕೂತಿದ್ದ.

"ರೂಮು ಕ್ಲೀನ್ ಮಾಡೋರು ದಿನಾ ಒಂದು ಮಾಡಿಡ್ತಾರ್ರಿ ಅಣ್ಣಾರ. ಟಿಪ್ಸ್ ಕೊಡೋ ಕೈ ದೊಡ್ಡದಿರಬೇಕು ಅಷ್ಟೆ" ಎಂದ.

ನನ್ನ ಹೆಂಡತಿ ಗಿರಿಜಾ ಆ ಹಂಸವನ್ನೇ ನೋಡಿದಳು. ಆಮೇಲೆ ನನ್ನ ಕೈ ನೋಡಿದಳು. ಮುಗಿಯಿತು! ಮರುವಾರವೇ ನಾನೂ ಮೆಂಬರಾದೆ. ನನ್ನ ಮಂಚದ ಮೇಲೂ ಹಂಸ ಕೂರಬೇಕು, ಅದರ ಫೋಟೊ ಹರಿಹರದ ಆ ಮನೆಯಲ್ಲೇ ತೋರಿಸಬೇಕು. ಜೀವನದಲ್ಲಿ ಬೇರೆ ಆಸೆ ಉಳಿಯಲಿಲ್ಲ.

ಸಮುದ್ರದ ದಂಡೆಯ ರೆಸಾರ್ಟಿಗೆ ಎರಡೂ ಸಂಸಾರ ಒಟ್ಟಿಗೇ ಹೊರಟೆವು. ಅಕ್ಕಪಕ್ಕದ ರೂಮು. ಗಿರಿಜಾ ಬ್ಯಾಗಿನಿಂದ ಮೊದಲು ತೆಗೆದದ್ದು ಕಸಬರಿಗೆ!

"ಇದ್ಯಾಕ ತಂದೀಯ?"

"ಯಾರೋ ಹೆಣ್ಮಗಳು ಬಂದು ನಮ್ಮ ಕಸ ನೋಡಿ ಏನಂತಾಳ್ರಿ? ದಾವಣಗೆರೆಯೋರು ಹಿಂಗೇನಾ ಅನ್ನಲ್ವಾ?"

ಬೆಳಿಗ್ಗೆ ಎದ್ದವಳೇ ಗುಡಿಸಿ, ಒರೆಸಿ, ಹಾಸಿಗೆ ಕೊಡವಿ ಇಟ್ಟಳು. ನಾನೂ ನನ್ನ ಪಾಲಿನ ಎಚ್ಚರಿಕೆ ವಹಿಸಿ, ಎಲ್ಲರೂ ಸಮುದ್ರಕ್ಕೆ ಹೊರಟೆವು. ಸಂಜೆ ಬಂದರೆ ಚನ್ನಬಸಪ್ಪನ ಮಂಚದ ಮೇಲೆ ಹಂಸ. ನನ್ನ ಮಂಚದ ಮೇಲೆ ಗಿರಿಜಾಳ ಒದ್ದೆ ಸೀರೆ.

"ಟಿಪ್ಸ್ ಕೊಟ್ರೋ ಇಲ್ವೋ?" ಎಂದಳು ಗಿರಿಜಾ.

ಮರುದಿನ ಬೆಳಿಗ್ಗೆ ಕ್ಲೀನಿಂಗಿನ ಲಲಿತಾ ವರಾಂಡದಲ್ಲಿ ಸಿಕ್ಕಳು. ಬಾಯಿ ಬಿಟ್ಟು ಹಂಸ ಕೇಳುವುದು ಮರ್ಯಾದೆಯಲ್ಲ. ನಮ್ಮೂರಿನ ಆಫೀಸುಗಳಲ್ಲಿ ಮಾಡುವಂತೆ ನೋಟು ಮಡಿಚಿ ಕೈಗಿಟ್ಟೆ, ನನ್ನ ರೂಮಿನ ಕಡೆ ಕಣ್ಣಲ್ಲೇ ತೋರಿಸಿ ಅರ್ಥಗರ್ಭಿತವಾಗಿ ತಲೆ ಅಲ್ಲಾಡಿಸಿದೆ. ಅವಳೂ ಅಷ್ಟೇ ಅರ್ಥಗರ್ಭಿತವಾಗಿ ತಲೆ ಅಲ್ಲಾಡಿಸಿದಳು. ಕೆಲಸ ಆಯಿತು ಎಂದುಕೊಂಡೆ.

ಸಂಜೆ ಚನ್ನಬಸಪ್ಪನ ಮಂಚದ ಮೇಲೆ ಆನೆ! ಸೊಂಡಿಲು, ಕಿವಿ ಎಲ್ಲಾ ಇತ್ತು. ನನ್ನ ಮಂಚ ಬಯಲು.

ಮೂರನೆಯ ದಿನ ನೋಟು ದೊಡ್ಡದಾಯಿತು. ಮೇಲೆ ನಮ್ಮೂರಿನ ಖಾರ ಮಂಡಕ್ಕಿ ಪೊಟ್ಟಣ. ಲಲಿತಾ ಈ ಸಲ ಎದೆಯ ಮೇಲೆ ಕೈಯಿಟ್ಟು ಭರವಸೆ ಕೊಟ್ಟಳು. ಸಂಜೆ ಅವನಿಗೆ ಜೋಡಿ ಹಂಸ, ಕೊಕ್ಕಿಗೆ ಕೊಕ್ಕು ತಾಗಿಸಿಕೊಂಡು! ನನಗೆ ಮತ್ತೆ ಬರಿಯ ಮಂಚ.

"ಅಣ್ಣಾರ, ನಿಮ್ಮ ರೂಮಿಗೆ ಏನು ಇಟ್ಟಾರ?" ಎಂದ ಚನ್ನಬಸಪ್ಪ, ಬಾಗಿಲ ಹೊರಗಿನಿಂದ ಇಣುಕುತ್ತ.

ಗಿರಿಜಾಳನ್ನೂ ಹೊರಗೆ ಕರೆದು, ಬಾಗಿಲು ಭದ್ರ ಮಾಡಿ, ನೇರ ರಿಸೆಪ್ಷನ್ನಿಗೆ ನಡೆದೆ. ಮೆಂಬರು ಮೆಂಬರಿನ ನಡುವೆ ಭೇದಭಾವ ಮಾಡುವುದು ಮಹಾಪರಾಧವೆಂದೂ, ಹರಿಹರಕ್ಕೊಂದು ನ್ಯಾಯ ದಾವಣಗೆರೆಗೊಂದು ನ್ಯಾಯ ನಡೆಯುವುದಿಲ್ಲವೆಂದೂ ಮೇಜು ಗುದ್ದಿ ಭಾಷಣ ಮಾಡಿದೆ. ಮ್ಯಾನೇಜರು ಗಾಬರಿಯಾಗಿ ಲಲಿತಾಳನ್ನು ಕರೆಸಿ ನನ್ನ ರೂಮಿಗೆ ಹೊರಟರು. ಹಿಂದೆ ಚನ್ನಬಸಪ್ಪ, ಕೊರಳಲ್ಲಿ ಕ್ಯಾಮೆರಾ.

ರೂಮಿನ ಮುಂದೆ ಮೆರವಣಿಗೆ ನಿಂತಿತು. ಬಾಗಿಲಿನ ಚಿಲಕದಲ್ಲಿ ತೆಂಗಿನಕಾಯಿ ಗಾತ್ರದ ಬೀಗ ತೂಗುತ್ತಿತ್ತು.

"ಸಾರ್, ಇದು ನಮ್ಮ ಬೀಗ ಅಲ್ಲ" ಎಂದರು ಮ್ಯಾನೇಜರು.

ಅಲ್ಲ. ನನ್ನದು. ಮಂಡಿಯ ಗೋದಾಮಿನ ಬೀಗ. ರೆಸಾರ್ಟಿನ ಬೀಗಕ್ಕೆ ಎಷ್ಟು ಜನರ ಹತ್ತಿರ ಕೀಲಿಕೈ ಇರುತ್ತದೋ ಏನೋ! ಅದನ್ನು ನಂಬುವ ವ್ಯಾಪಾರಿ ನಾನಲ್ಲ. ದಿನಾ ಹೊರಡುವಾಗ ಜಡಿದು, ಎರಡು ಸಲ ಜಗ್ಗಿ ನೋಡಿ, ಕೀಲಿಕೈ ಉಡಿದಾರಕ್ಕೆ ಕಟ್ಟಿಕೊಂಡು ಸಮುದ್ರಕ್ಕೆ ಇಳಿಯುತ್ತಿದ್ದೆ.

"ಹಾಗಾದರೆ ದುಡ್ಡು ಯಾಕೆ ತಗೊಂಡೆ?" ಎಂದೆ ಲಲಿತಾಳಿಗೆ, ಕ್ಷೀಣ ದನಿಯಲ್ಲಿ.

"ಯಾರೂ ಒಳಗೆ ಬರಬಾರದು ಅಂತ ಕೊಟ್ಟಿದ್ದಲ್ವಾ ಸಾರ್? ಇಷ್ಟು ದೊಡ್ಡ ಬೀಗ ಹಾಕಿದ್ರಿ. ನಾನು ಬೇರೆಯವರನ್ನೂ ಈ ಕಡೆ ಬಿಡಲಿಲ್ಲ!"

ಒಟ್ಟಿನಲ್ಲಿ ಹಂಸ ಬರದಿರಲಿ ಎಂದು ನಾನೇ ಟಿಪ್ಸ್ ಕೊಟ್ಟಿದ್ದೆ. ಚನ್ನಬಸಪ್ಪ ಗೋಡೆ ಹಿಡಿದುಕೊಂಡು ನಕ್ಕ. ನಗುನಗುತ್ತಲೇ "ಅಣ್ಣಾರ, ಹಂಗೇ ನಿಂದ್ರಿ" ಎಂದು ಒಂದು ಫೋಟೊ ಹೊಡೆದ.

ಕೊನೆಯ ದಿನ ಬೀಗವಿಲ್ಲದೆ ಹೋದೆ. ಬಂದಾಗ, ಅಬ್ಬಾ! ನನ್ನ ಮಂಚದ ಮೇಲೆ ಹಂಸ! ಅವನದಕ್ಕಿಂತ ಒಂದು ಗೇಣು ಉದ್ದದ ಕತ್ತು! ಚನ್ನಬಸಪ್ಪನಿಗೆ ತೋರಿಸದೆ ಜೀವ ನಿಲ್ಲಲಿಲ್ಲ. ಓಡಿಹೋಗಿ ಅವನನ್ನು ಎಳೆದುಕೊಂಡು ಬಂದೆ.

ಮಂಚದ ಮೇಲೆ ಎರಡು ಟವಲು ಅಂಚಿಗೆ ಅಂಚು ಕೂಡಿಸಿ ಒಪ್ಪವಾಗಿ ಮಡಿಚಿ ಕೂತಿದ್ದವು. ಗಿರಿಜಾ ಮೂರನೆಯದನ್ನು ಕೊಡವುತ್ತಿದ್ದಳು.

"ಆ ಹೆಣ್ಮಗಳಿಗೆ ಟವಲ್ ಮಡಿಚೋಕೂ ಬರಲ್ಲ ನೋಡ್ರಿ. ಎಲ್ಲಾ ಗಂಟು ಹಾಕಿ ಇಟ್ಟಿದ್ಲು!"

"ಅಯ್ಯೋ, ಅದೇ ಹಂಸ ಕಣೇ!"

"ಹೌದಾ? ಹಂಸ ಅಂದ್ರೆ ನಮ್ಮ ತಂಗಿ ಸರೋಜನ ಫೋಟೊದಾಗೆ ಇದ್ದಂಗೆ ಇರಬೇಕಲ್ಲ. ಇದರ ಕತ್ತು ಯಾಕೋ ಬಾಳ ಉದ್ದ ಇತ್ತು."

ಚನ್ನಬಸಪ್ಪ ನಕ್ಕು ನಕ್ಕು, ಮಡಿಚಿಟ್ಟ ಟವಲಿನಲ್ಲೇ ಕಣ್ಣೊರೆಸಿಕೊಂಡ.

ಈಗ ಹರಿಹರದ ಆ ಮನೆಗೆ ಯಾರೇ ಹೋಗಲಿ, ಆಲ್ಬಂ ಬರುತ್ತದೆ. ಹಂಸ, ಆನೆ, ಜೋಡಿ ಹಂಸ ನೋಡಿ ಜನ ತಲೆದೂಗುತ್ತಾರೆ. ಮುಂದಿನ ಹಾಳೆಗೆ ಬಂದಾಗ ಮಾತ್ರ ಎಲ್ಲರೂ ನಿಂತು, ಇನ್ನೊಬ್ಬರನ್ನು ಕರೆದು ತೋರಿಸಿ, ಮತ್ತೆ ಮತ್ತೆ ನೋಡುತ್ತಾರಂತೆ. ಆ ಹಾಳೆಯಲ್ಲಿ ನಾನಿದ್ದೇನೆ, ಬೀಗದ ಪಕ್ಕದಲ್ಲಿ. ಅಂತೂ ಚನ್ನಬಸಪ್ಪನ ಹಂಸಕ್ಕಿಂತ ಒಂದು ಕೈ ಮೇಲಾದೆ!