ಮೋಡೆಮ್ಮಿಗೆ ಪಣವಿಟ್ಟ ಮೀಸೆ

ಎಲ್ಲದಕ್ಕೂ ಮೂಲ, ಅಬ್ದುಲಸಮದನ ಚಹಾದಂಗಡಿಯಲ್ಲಿ ಶಿವಾನಂದ ನಕ್ಕ ಒಂದು ನಗೆ. ಅವನು ನಗದೇ ಇದ್ದಿದ್ದರೆ ಸತೀಶಕುಮಾರ ಚಹಾ ಕುಡಿದು ಸುಮ್ಮನೆ ಮನೆಗೆ ಹೋಗುತ್ತಿದ್ದ.

ಇಬ್ಬರೂ ತಿಕೋಟಾದ ಒಣದ್ರಾಕ್ಷಿ ವ್ಯಾಪಾರಿಗಳು. ಅವರ ಸಂಘ ಈ ಸಲದಿಂದ ಹರಾಜನ್ನು ಆನ್‌ಲೈನ್ ಮಾಡಿತ್ತು. ಹೆಸರು ನೋಂದಾಯಿಸಲು ಅಂದು ಸಂಜೆಯೇ ಕೊನೆ. ತಪ್ಪಿದರೆ ಸತೀಶಕುಮಾರನ ಮಾಲು ಮುಂದಿನ ಹಂಗಾಮಿನವರೆಗೂ ಶೆಡ್ಡಿನಲ್ಲೇ ಕೊಳೆಯಬೇಕು. ಆದರೆ ಅವನ ಕಂಪ್ಯೂಟರಿಗೆ ನೆಟ್ ಬರುತ್ತಿರಲಿಲ್ಲ. ಕಾಪಿ ಹೊಡೆದ ವಿಂಡೋಸ್ ಹಾಕಿಸಿಕೊಂಡು ಮೇಲಿಂದ ಮೇಲೆ ವೈರಸ್ಸಿನ ಪಾಲಾಗಿ, "ಇನ್ನ ಕಳ್ಳಮಾಲ ನನ್ನ ಮನ್ಯಾಗ ಬ್ಯಾಡ" ಎಂದು, ಯಾರು ಬೇಕಾದರೂ ಧರ್ಮಕ್ಕೆ ಹಾಕಿಕೊಳ್ಳಬಹುದಾದ ಲಿನಕ್ಸ್ ಹಾಕಿಕೊಂಡಿದ್ದ. ಅಂದಿನಿಂದ ಅವನ ನೆಟ್ ಡಾಂಗಲ್, ಅಂದರೆ ಬೆರಳುದ್ದದ ಆ ಮೋಡೆಮ್ಮು, ಮುನಿಸಿಕೊಂಡ ಬೀಗರ ಹಾಗೆ ಮಾತು ಬಿಟ್ಟಿತ್ತು.

"ಧರ್ಮಕ್ಕ ಬಂದದ್ದು ಹಂಗ ಇರತೈತಿ," ಎಂದು ಶಿವಾನಂದ ನಕ್ಕ. "ಲೇ ಸತೀಶಾ, ಎಲ್ಲಾರಂಗ ಕಾಪಿ ಹಾಕ್ಸು. ಆ ಲಿನಕ್ಸಿಗೂ ಈ ಡಾಂಗಲ್ಲಿಗೂ ಜಾತಕಾನ ಕೂಡಂಗಿಲ್ಲ."

ಅಂಗಡಿಯವರೆಲ್ಲ ನಕ್ಕರು. ಸತೀಶಕುಮಾರ ಚಹಾದ ಕಪ್ಪು-ಬಸಿ ಕುಕ್ಕಿ ಎದ್ದು ನಿಂತ.

"ಕೂಡಸ್ತೀನಿ! ಇವತ್ತ ಸಂಜಿಯೊಳಗ ಇದ ಡಾಂಗಲ್ಲು ಇದ ಲಿನಕ್ಸಿನ ಮ್ಯಾಲ ನಡಸಿ ತೋರಸ್ತೀನಿ. ಇಲ್ಲಾಂದ್ರ ಮೀಸಿ ಬೋಳಸ್ತೀನಿ!"

ಅಂಗಡಿಯವರೆಲ್ಲ ಅವನ ಮೀಸೆ ನೋಡಿದರು. ಅದು ಅಂತಿಂಥ ಮೀಸೆಯಲ್ಲ. ತಿರುಪತಿಗೆ ಮುಡಿ ಕೊಟ್ಟಾಗ ತಿಮ್ಮಪ್ಪನಿಗೆ ಒಪ್ಪಿಸಿದ್ದೊಂದು ಬಿಟ್ಟರೆ ಅದು ಯಾರಿಗೂ ಬಾಗಿದ ಮೀಸೆಯಲ್ಲ.

"ನಡಸಿದ್ಯಂದ್ರ ಇಡೀ ಓಣಿಗೆ ನಾ ಮಿರ್ಚಿ ಭಜಿ ತಿನ್ನಸ್ತೀನಿ," ಎಂದ ಶಿವಾನಂದ. "ಸಮದಭಾಯ್, ನೀನ ಸಾಕ್ಷಿ."

ಸತೀಶಕುಮಾರ ಕಂಪ್ಯೂಟರಿನ ಡಬ್ಬಿಯನ್ನು ಹೊದೆಯುವ ಕೌದಿಯಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ವಿಜಯಪುರದ ಬಸ್ಸು ಹತ್ತಿದ. ಪಕ್ಕದಲ್ಲಿ ಕುಳಿತ ಮುದುಕಿಗೆ ಕರುಳು ಚುರ್ ಎಂದಿತು.

"ಯಪ್ಪಾ, ಕೂಸಿಗೆ ಏನಾಗೇತೋ?"

"ಮಾತಾಡವಲ್ದು ಬೇ," ಎಂದ ಸತೀಶಕುಮಾರ, ಅವನ ಲಕ್ಷ್ಯವೆಲ್ಲ ಡಾಂಗಲ್ಲಿನ ಮೇಲೆ.

"ಅಯ್ಯ ಶಿವನ, ಮಾರಿ ಮುಚ್ಚಿ ಸುತ್ಯಲ್ಲೋ! ಗಾಳಿ ಆಡ್ಲಿ ತಗೀ," ಎಂದು ಮುದುಕಿ ತಾನೇ ಕೌದಿ ಸರಿಸಿದಳು. ಒಳಗಿನ ತಗಡು ನೋಡಿದ್ದೇ ತಡ, ಎದ್ದು ಹಿಂದಿನ ಸೀಟಿಗೆ ಹೋದವಳು ಇಳಿಯುವತನಕ ಅವನನ್ನೇ ನೋಡುತ್ತ ಕುಳಿತಳು.

ಅಥಣಿ ರಸ್ತೆಯ ಕಂಪ್ಯೂಟರ್ ಅಂಗಡಿಯ ವಿಕ್ರಮ ಡಬ್ಬಿಯನ್ನು ತನ್ನ ಪರದೆಗೆ ಜೋಡಿಸಿ ನೋಡಿ ಕೈ ಹಿಂದೆ ತೆಗೆದ. "ಅಣ್ಣಾರ, ಇದ ನಮಗ ತಿಳ್ಯಾಂಗಿಲ್ಲ. ಕಾಪಿ ವಿಂಡೋಸ್ ಹಾಕ್ಲೇನ್ರಿ? ಈಗಿಂದೀಗ ನಡೀತೈತಿ."

"ಮೀಸಿ ಹೋದ್ರೂ ಹಾಕ್ಸಂಗಿಲ್ಲ!" ಎಂದುಬಿಟ್ಟ ಸತೀಶಕುಮಾರ. ಅಂದ ಮೇಲೆ ಅವನ ಕೈ ತಾನಾಗಿಯೇ ಮೀಸೆ ಮುಟ್ಟಿ ನೋಡಿತು.

ಮರಳಿ ಮನೆಗೆ ಬಂದರೆ ಕಟ್ಟೆಯ ಮೇಲೆ ಶಿವಾನಂದ, ಅವನ ಪಕ್ಕದಲ್ಲಿ ಕ್ಷೌರದ ಪೆಟ್ಟಿಗೆ ತೆರೆದಿಟ್ಟುಕೊಂಡು ಅಮೋಘಿ ಕಾಕಾ.

"ಅವಸರಿಲ್ರಿ ಸಾವ್ಕಾರ್ರ," ಎಂದ ಅಮೋಘಿ, ಕತ್ತಿ ಮಸೆಯುತ್ತ. "ನಿಮ್ಮ ಕೆಲಸ ಸಾವಕಾಶ ಮಾಡ್ಕೋರಿ. ನೀರ ಕಾಯಾಕ ಇಟ್ಟೇನಿ."

ಅಷ್ಟರಲ್ಲಿ ಓಣಿ ನೆರೆದಿತ್ತು. ಒಬ್ಬ ಡಾಂಗಲ್ಲಿಗೆ ಉದ್ದ ವಯರು ಹಚ್ಚಿ ಸ್ಟೀಲ್ ಬೋಗಾಣಿ ಪಾತ್ರೆಯಲ್ಲಿ ಇಡಿಸಿದ, ಸಿಗ್ನಲ್ ಅದರಲ್ಲಿ ಕೂಡುತ್ತದಂತೆ. ಇನ್ನೊಬ್ಬ ಅದೇ ಬೋಗಾಣಿಯನ್ನು ಮಾಳಿಗೆಗೆ ಹತ್ತಿಸಿದ. ಸತೀಶಕುಮಾರನ ತಾಯಿ ಶಂಕ್ರೆವ್ವ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಎಲ್ಲರೂ ಕೆಮ್ಮಿದರು, ಡಾಂಗಲ್ಲಿನ ಕೆಂಪು ದೀಪ ಮಾತ್ರ ಮಿಸುಕಲಿಲ್ಲ.

"ಏನ್ರೀ, ನನ್ನ ಫೋನಿನ್ಯಾಗ ನೆಟ್ ಐತಿ," ಎಂದಳು ಹೆಂಡತಿ ರಾಜೇಶ್ವರಿ. "ಅದರಾಗ ಹೆಸರ ಹಚ್ರಿ, ಮುಗದ ಹೋತು."

"ಹೆಸರ ಹತ್ತತೈತಿ. ಮಾನಾ? ನಾ ಸತ್ರೂ ಬ್ಯಾಡ!"

ಡಾಂಗಲ್ ಚುಚ್ಚಿದಾಗಲೆಲ್ಲ ಪರದೆಯ ಮೇಲೆ ಒಂದು ಸೀಡಿಯ ಚಿತ್ರ ಬರುತ್ತಿತ್ತು. ಮನೆಯಲ್ಲಿ ಹುಡುಕಿದರೂ ಒಂದು ಸೀಡಿ ಇಲ್ಲ! ಚಹಾ ತಂದ ಅಬ್ದುಲಸಮದ ನೋಡಿ ನೋಡಿ ಬೇಸತ್ತ. "ಆಗಿಂದ ಅದೊಂದ ಹಲ್ಲ ಕಿಸಕೊಂಡ ಕುಂತೈತಿ. ಒದ್ದ ಹೊರಗ ಹಾಕ ಅದನ್ನ!"

ಸಿಟ್ಟಿನ ಭರಕ್ಕೆ ಸತೀಶಕುಮಾರ ಆ ಸೀಡಿಯ ಮೇಲೆ 'ಹೊರಹಾಕು' ಒತ್ತಿದ. ಸೀಡಿ ಮಾಯವಾಯಿತು. ಡಾಂಗಲ್ಲಿನ ಕೆಂಪು ದೀಪ ನೀಲಿಯಾಯಿತು, ನೆಟ್ ಬಂದೇಬಿಟ್ಟಿತು.

ಆ ಡಾಂಗಲ್ಲು ವಿಂಡೋಸಿಗೆ ಬೇಕಾದ ಸಾಮಾನು ಹೊತ್ತು ಸೀಡಿಯ ವೇಷದಲ್ಲಿ ಕೂತಿತ್ತು. ವೇಷ ಕಳಚದೆ ಮೋಡೆಮ್ ಆಗುವುದಿಲ್ಲ ಎಂಬುದು ಅದರ ಹಟ.

"ಬಂತಲೇ! ಶಿವ್ಯಾ, ಬಂತು! ನಡಿ, ಮಿರ್ಚಿ ಹಾಕಸ!" ಎಂದು ಸತೀಶಕುಮಾರ ಕುಣಿದ. ಶಿವಾನಂದನ ಮುಖ ಹುಳ್ಳಗಾಯಿತು. ಓಣಿಯೆಲ್ಲ ಅವನನ್ನು ನೂಕಿಕೊಂಡು ಚಹಾದಂಗಡಿಗೆ ನಡೆಯಿತು. ಅಮೋಘಿ ಪೆಟ್ಟಿಗೆ ಮುಚ್ಚಿದ.

ಸತೀಶಕುಮಾರ ಮೀಸೆ ತಿರುವುತ್ತ ಸಂಘದ ಪುಟ ತೆರೆದು ಕೇಳಿದ್ದೆಲ್ಲ ತುಂಬಿದ. ಕೊನೆಗೆ ಕ್ಯಾಮೆರಾದ ಎದುರು ಮುಖ ತೋರಿಸಬೇಕಿತ್ತು. ತೋರಿಸಿದ.

'ಮುಖ ಹೊಂದಾಣಿಕೆಯಾಗುತ್ತಿಲ್ಲ.'

ದೀಪ ಹಾಕಿ ತೋರಿಸಿದ, ನಕ್ಕು ತೋರಿಸಿದ, ಗದರಿಸಿ ತೋರಿಸಿದ. ಅದೇ ಮಾತು. ರಾಜೇಶ್ವರಿ ಸಂಘದ ಗುರುತಿನ ಚೀಟಿ ತಂದು ನೋಡಿದಳು.

"ಏನ್ರೀ... ಈ ಫೋಟೋ ತಗಿಸಿದ್ದು ತಿರುಪತಿಯಿಂದ ಬಂದ ವಾರ ಅಲ್ರಿ?"

ಫೋಟೋದಲ್ಲಿ ಬೋಳುತಲೆ ಮುಚ್ಚಿದ ಬಿಳಿ ಟೊಪ್ಪಿಗೆ, ಅದರ ಕೆಳಗೆ ಸಿಪ್ಪೆ ಸುಲಿದ ಬಟಾಟೆಯಂಥ ಮುಖ. ಸಂಜೆಯಾಗಿತ್ತು, ನೋಂದಣಿ ಮುಚ್ಚುವ ಹೊತ್ತು.

"ಟೊಪಗಿ ಇಲ್ಲೇ ಐತ್ರಿ," ಎಂದು ರಾಜೇಶ್ವರಿ ಅವನ ಮೂಗಿನ ಕೆಳಗೆ ನೋಡಿದಳು.

ಸತೀಶಕುಮಾರ ಹಲ್ಲು ಕಚ್ಚಿದ. ಬಾಗಿಲಿಗೆ ಬಂದು ಕೂಗಿದ, "ಅಮೋಘಿ ಕಾಕಾ, ನಿಂದರ!"

"ಬಂದೇರಿ. ನೀರ ಇನ್ನಾ ಬಿಸಿ ಅದಾವು."

ಹೆಸರು ನೋಂದಣಿಯಾಯಿತು. ಸತೀಶಕುಮಾರ ಎದೆ ಸೆಟೆಸಿ ಚಹಾದಂಗಡಿಗೆ ಹೋದ. ಮಿರ್ಚಿಯ ವಾಸನೆಗೆ ಬಸ್ ಸ್ಟ್ಯಾಂಡಿನ ಮಂದಿಯೂ ಕೂಡಿತ್ತು. ಶಿವಾನಂದ ಅವನ ತುಟಿ ನೋಡಿದವನೇ ಚೇತರಿಸಿಕೊಂಡ.

"ಬಾ ಬಾ ಸತೀಶಾ, ತಿನ್ನು! ನಾ ಗೆದ್ದ ಖುಶಿಗೆ ತಿನ್ನಸಾಕತ್ತೇನಿ. ಸೋತವರಿಗೂ ಐತಿ."

"ಲೇ, ಗೆದ್ದಾಂವ ನಾನು! ಸಮದಭಾಯ್, ನೀನ ಸಾಕ್ಷಿ, ಹೇಳು!"

ಅಬ್ದುಲಸಮದ ತಲೆ ಕೆರೆದುಕೊಂಡ. "ನೀಲಿ ದೀಪಾ ಹತ್ತಿದ್ದು ಖರೇ. ಮತ್ತ ಮೀಸಿ ಯಾಕ ಬೋಳಿಸಿದಿ?"

"ಕಂಪ್ಯೂಟರಿಗೆ ನನ್ನ ಮಾರಿ ಗುರ್ತ ಹತ್ತಲಿಲ್ಲ!"

ಈಗ ಎದ್ದ ನಗೆಯ ಮುಂದೆ ಮುಂಜಾನೆಯ ನಗೆ ಏನೂ ಅಲ್ಲ. ಈ ಸಲ ಎಣ್ಣೆಯ ಬಾಣಲಿಯ ಮುಂದಿದ್ದವನೂ ಝಾರಿ ಸೌಟು ಬಿಟ್ಟು ನಕ್ಕ.

"ನಗ್ರಿ, ನಗ್ರಿ! ಕಳ್ಳಮಾಲ ಹಾಕ್ಸಲಿಲ್ಲ, ಹಾಕ್ಸಂಗೂ ಇಲ್ಲ!" ಎಂದು ಸತೀಶಕುಮಾರ ಒಂದು ಮಿರ್ಚಿ ಕಸಿದುಕೊಂಡು ಕಚ್ಚಿದ. ಹಳೆಯ ರೂಢಿ, ಅದೇ ಕೈಯಿಂದ ಮೀಸೆ ತಿರುವಲು ಹೋದ. ಆಗತಾನೇ ಕತ್ತಿಯಾಡಿದ ತುಟಿಗೆ ಮೆಣಸಿನಕಾಯಿಯ ಖಾರ ಹತ್ತಿ, ಗೆದ್ದವನ ಕಣ್ಣಲ್ಲಿ ದಳದಳ ನೀರು ಬಂತು.