ಮಾವನವರ ಹಸಿರು ಪಾನಕ

ನಮ್ಮ ಮಾವನವರು ಮದ್ಯವಿಲ್ಲದ ಮದ್ಯವನ್ನು ಕಂಡುಹಿಡಿಯಲು ಹೊರಟಿದ್ದರು ಎಂದರೆ ನೀವು ನಂಬುವುದಿಲ್ಲ. ಹೊಳೆನರಸೀಪುರದ ಪೇಟೆಬೀದಿಯಲ್ಲಿದ್ದ ಅವರ ಜವಳಿ ಅಂಗಡಿಗೆ ಬರುತ್ತಿದ್ದವರೂ ನಂಬಲಿಲ್ಲ. ಹಣೆ ತುಂಬ ವಿಭೂತಿ, ದಿನವೂ ತಪ್ಪದ ಲಿಂಗಪೂಜೆ, ಹೋಟೆಲಿನ ಕಾಫಿಯನ್ನೂ ಮುಟ್ಟದ ಮಡಿವಂತಿಕೆ. ಅಂಥ ಮನುಷ್ಯ ಸೀರೆಗಳ ನಡುವೆ ಒಂದು ಶೀಶೆ ಇಟ್ಟುಕೊಂಡು, ಬಂದ ಗಿರಾಕಿಗಳಿಗೆಲ್ಲ ಬಿರಡೆ ತೆಗೆದು ಮೂಸಿ ನೋಡಲು ಕೊಟ್ಟರೆ ಊರವರು ಏನೆಂದುಕೊಳ್ಳಬೇಕು?

ಈ ಹುಚ್ಚು ಹತ್ತಿದ್ದು ಸಕಲೇಶಪುರದ ಕಡೆಯ ಕಾಫಿತೋಟದ ಒಬ್ಬ ಬಿಳಿ ದೊರೆಯ ಬಂಗಲೆಯಲ್ಲಿ. ಆಗ ಯುದ್ಧ ನಡೆಯುತ್ತಿತ್ತು. ನಾನು ಹಾಸನದಿಂದ ಈ ಮನೆಗೆ ಸೊಸೆಯಾಗಿ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಕಿಟಕಿಯ ಪರದೆಗಳಿಗೆ ಅಳತೆ ತೆಗೆಯಲು ಹೋದ ಮಾವನವರಿಗೆ ದೊರೆಯ ಬಟ್ಲರು ಗಾಜಿನ ಲೋಟದಲ್ಲಿ ಹಸಿರು ಪಾನೀಯವೊಂದನ್ನು ತೋರಿಸಿದನಂತೆ. ಸೀಮೆಯ ಸನ್ಯಾಸಿಗಳು ರಾಶಿ ರಾಶಿ ಬೇರು ಸೊಪ್ಪು ಹಾಕಿ ಇಳಿಸಿದ ಮದ್ಯವಂತೆ ಅದು. ನಿಂಬೆರಸ, ಸೋಡಾ ಬೆರೆಸಿ ಬಿಸಿಲಿನ ಹೊತ್ತಿನಲ್ಲಿ ಕುಡಿಯುತ್ತಾರಂತೆ. ತಾನು ಮೂಸಿ ನೋಡಿದ್ದು ಮಾತ್ರ ಎಂದು ಮಾವನವರು ಲಿಂಗ ಮುಟ್ಟಿ ಹೇಳುತ್ತಿದ್ದರು. ಆದರೆ, ಮೊದಲು ಸಿಹಿ, ಆಮೇಲೆ ತಂಪು, ಕೊನೆಗೆ ಗಂಟಲಲ್ಲಿ ಸಣ್ಣ ಕಹಿ ಎಂದು ವರ್ಣನೆ ಬೇರೆ! ಮೂಗಿಗೆ ಗಂಟಲು ಯಾವಾಗ ಬಂತು ಎಂದು ನಾನು ಕೇಳಲಿಲ್ಲ. ಹೊಸ ಸೊಸೆ ನೋಡಿ.

ಅವರನ್ನು ಹಿಡಿದದ್ದು ಆ ಪಾನೀಯವಲ್ಲ, ಬಟ್ಲರು ಆಡಿದ ಒಂದು ಮಾತು. ಲೋಟ ತಿರುಗಿಸುತ್ತಾ ಅವನು, "ಇದ ಕುಡುದ್ರೆ ಸತ್ತ ನಾಲ್ಗೆನೂ ಎದ್ದು ಕೂತ್ಕತದೆ ಸಾ" ಎಂದಿದ್ದನಂತೆ.

ಸತ್ತ ನಾಲಗೆಯೊಂದು ನಮ್ಮ ಮನೆಯಲ್ಲಿಯೇ ಇತ್ತು. ನಮ್ಮ ಅತ್ತೆಯವರು ಹಿಂದಿನ ವರ್ಷ ವಿಷಮಶೀತ ಜ್ವರದಲ್ಲಿ ನಲವತ್ತು ದಿನ ಮಲಗಿ ಎದ್ದಿದ್ದರು. ಜ್ವರ ಹೋಗುವಾಗ ಅವರ ಬಾಯಿರುಚಿಯನ್ನೂ ಕಟ್ಟಿಕೊಂಡು ಹೋಗಿತ್ತು. ಉಪ್ಪು, ಹುಳಿ, ಖಾರ ಒಂದೂ ತಿಳಿಯದು. ಅಡಿಗೆ ಅವರ ಕೈ ಅಳತೆಯದು, ರುಚಿ ನೋಡುವ ನಾಲಗೆ ನನ್ನದು. ಒಂದು ಮುದ್ದೆ ಉಣ್ಣುತ್ತಿದ್ದವರು ಅರ್ಧಕ್ಕೆ ಬಂದರು, ಅರ್ಧದಿಂದ ನಿಂಬೆಹಣ್ಣಿನ ಗಾತ್ರಕ್ಕೆ ಬಂದರು. ಕೈ ಎತ್ತಿದರೆ ಬಳೆಗಳು ಮೊಣಕೈವರೆಗೆ ಜಾರುತ್ತಿದ್ದವು. ಔಷಧಿಯ ಕೆಲಸ ಮುಗಿಯಿತು, ಇನ್ನು ಅನ್ನ ಒಳಗೆ ಹೋಗದಿದ್ದರೆ ಈ ಬೇಸಿಗೆ ದಾಟುವುದು ಕಷ್ಟ ಎಂದು ಹಾಸನದ ಡಾಕ್ಟರು ಮಾವನವರನ್ನು ಪಕ್ಕಕ್ಕೆ ಕರೆದು ಹೇಳಿದ್ದರು. ಏನು ಕೊಟ್ಟು ಹೇಗಿದೆ ಎಂದು ಕೇಳಿದರೂ ಅತ್ತೆಯವರ ಉತ್ತರ ಒಂದೇ, "ಐತೆ." ಒಬ್ಬಟ್ಟಿಗೂ ಐತೆ, ಗಂಜಿಗೂ ಐತೆ.

ಅಲ್ಲಿಂದ ಶುರುವಾಯಿತು ನೋಡಿ ನಮ್ಮ ಮನೆಯ ಭಟ್ಟಿ! ಮಲ್ಲಿಪಟ್ಟಣದಿಂದ ಸೊಗದೆ ಬೇರು ಬಂತು, ಹೊಳೆದಂಡೆಯಿಂದ ಲಾವಂಚ ಬಂತು, ಕಹಿಗೆಂದು ಅಮೃತಬಳ್ಳಿ, ತಂಪಿಗೆಂದು ಪುದೀನ, ಸುಮ್ಮನೆ ಇರಲಿ ಎಂದು ಒಂದೆಲಗ. ಹಾಸನದಿಂದ ರೈಲಿನಲ್ಲಿ ಗೋಲಿಸೋಡಾ ಬಂದಿಳಿಯಿತು. ಆ ಶೀಶೆಗಳನ್ನು ಒದ್ದೆ ಗೋಣಿಚೀಲದಲ್ಲಿ ಸುತ್ತಿ, ಹಸುಗೂಸುಗಳನ್ನು ಮಲಗಿಸಿದ ಹಾಗೆ ನೀರಮನೆಯಲ್ಲಿ ಸಾಲಾಗಿ ಮಲಗಿಸುತ್ತಿದ್ದರು. ಸಕ್ಕರೆಗೆ ರೇಷನ್ ಬಂದಿದ್ದರಿಂದ ಪಾಕಕ್ಕೆ ಬೆಲ್ಲವೇ ಗತಿ. ಬೆಲ್ಲ ಬಿದ್ದ ಮೇಲೆ ಹಸಿರು ಎಲ್ಲಿ ಉಳಿಯಬೇಕು? ಹೊಸನೀರು ಬಂದ ಹೇಮಾವತಿಯ ಬಣ್ಣ! ಮಾವನವರು ಮಾತ್ರ ಅದನ್ನು ಹಸಿರು ಪಾನಕವೆಂದೇ ಕರೆದರು. ಬಣ್ಣ ಕಣ್ಣಿಗೆ, ನಾಲಗೆಗಲ್ಲ ಎಂದು ನನಗೆ ತಿಳಿಸಿಯೂ ಹೇಳಿದರು.

ಒಮ್ಮೆ ಮಾವನವರು ನೆಂಟರ ಮದುವೆಗೆಂದು ಚನ್ನರಾಯಪಟ್ಟಣಕ್ಕೆ ಹೋದವರು ವಾರ ಬಿಟ್ಟು ಬಂದರು. ಹೋಗುವಾಗ ಭರಣಿಯಲ್ಲಿ ಕಟ್ಟಿಟ್ಟ ಬೇರಿನ ಪಾಕ, ಬರುವಷ್ಟರಲ್ಲಿ ತನ್ನ ಪಾಡಿಗೆ ತಾನು ಹುಳಿಬಂದು ನೊರೆಯೆದ್ದಿತ್ತು. ನಮಗೇನು ಗೊತ್ತು? ಸೋಮವಾರದ ಪಾದಪೂಜೆಗೆ ಬಂದ ಅಯ್ಯನವರಿಗೆ ಭಕ್ತಿಯಿಂದ ಎರಡು ಲೋಟ ಕೊಟ್ಟೆವು. ಅಯ್ಯನವರು ನಮಗೆ ಆಶೀರ್ವಾದ ಮಾಡಿದರು, ಪಕ್ಕದ ಮನೆಯವರಿಗೂ ಮಾಡಿದರು, ಹೊರಡುವಾಗ ಜಗುಲಿಯ ಕಂಬಕ್ಕೂ ಮಾಡಿದರು. ವಿಷಯ ತಿಳಿದ ಅತ್ತೆಯವರು ಭರಣಿಯನ್ನು ಹಿತ್ತಲಿನ ನಿಂಬೆಗಿಡದ ಬುಡಕ್ಕೆ ಸುರಿದು ಬಂದರು. ಮುಂದಿನ ಸೋಮವಾರ ಅಯ್ಯನವರು ಒಂದು ಗಂಟೆ ಮುಂಚಿತವಾಗಿಯೇ ಬಂದಿದ್ದರು.

ನಕ್ಕುಬಿಡಿ, ನಾವೂ ನಕ್ಕಿದ್ದೇವೆ. ಆದರೆ ಪ್ರತಿ ಸಲವೂ ಮಾವನವರು ಅಡಿಗೆಮನೆಯ ಬಾಗಿಲಲ್ಲಿ ನಿಂತು, "ಎಂಗೈತೆ?" ಎಂದು ಕೇಳುವಾಗ ಅವರ ಮುಖ ನೋಡಲಾಗುತ್ತಿರಲಿಲ್ಲ. ಅತ್ತೆಯವರು ಲೋಟ ಕೆಳಗಿಟ್ಟು, "ಐತೆ" ಎನ್ನುತ್ತಿದ್ದರು. ಮಾವನವರು ತಲೆಯಾಡಿಸಿ ಹೋಗಿ ಮಾರನೆಯ ದಿನ ಬೇರೊಂದು ಬೇರು ತರುತ್ತಿದ್ದರು. ಪಂಡಿತರನ್ನು ಕೇಳಿದರು, ಕಾಡು ಬಲ್ಲವರನ್ನು ಕೇಳಿದರು. ಬೇಸಿಗೆ ಮುಂದೆ ಮುಂದೆ ಹೋಗುತ್ತಿತ್ತು, ಅತ್ತೆಯವರ ಬಳೆಗಳು ಮೇಲೆ ಮೇಲೆ ಹೋಗುತ್ತಿದ್ದವು.

ತಪ್ಪು ಎಲ್ಲಿದೆ ಎಂದು ನನಗೆ ತಿಳಿದದ್ದು ಆಕಸ್ಮಿಕವಾಗಿ. ಒಂದು ಮಧ್ಯಾಹ್ನ ಅಡಿಗೆಮನೆಯಲ್ಲಿ ಸೋಡಾದ ಗೋಲಿ ಒತ್ತಿದೆ. ಸೋಡಾ ಚಿಮ್ಮಿ ಅತ್ತೆಯವರ ಮುಖಕ್ಕೆ ಹಾರಿತು. ನಾನು ಹೆದರಿ ಸೆರಗಿನಿಂದ ಒರೆಸಲು ಹೋದರೆ ಅವರು ನನ್ನ ಕೈ ತಡೆದು, ತುಟಿ ಸವರಿಕೊಂಡು, "ಇದೇನವ್ವ, ಜುಮ್ ಅಂತೈತೆ" ಎಂದರು. ಒಂದು ಗುಟುಕು ಕುಡಿಯಿರಿ ಎಂದು ಎಷ್ಟು ಬೇಡಿಕೊಂಡರೂ ಒಪ್ಪಲಿಲ್ಲ. ಗಂಡಸರ ಲೋಟ ಏಳುವ ಮುಂಚೆ ತಾನು ಹೇಗೆ ಕುಡಿಯುವುದು ಎಂದುಬಿಟ್ಟರು.

ಆಗ ನನ್ನ ತಲೆಗೆ ಹೊಳೆಯಿತು. ನಮ್ಮ ಮನೆಯಲ್ಲಿ ಏನೇ ಬರಲಿ, ಮೊದಲು ಮನೆಗೆ ಬಂದ ನೆಂಟರಿಗೆ, ಆಮೇಲೆ ಮಾವನವರಿಗೆ, ನಮ್ಮ ಯಜಮಾನರಿಗೆ, ಮೈದುನರಿಗೆ, ಮಕ್ಕಳಿಗೆ. ಎಲ್ಲರದೂ ಆಗಿ, ನೆಲ ಒರೆಸಿ, ಮಾವನವರು ಕುಡಿದು ಉಳಿಸಿದ ಲೋಟದಲ್ಲಿ ಅತ್ತೆಯವರ ಪಾಲು. ಅಷ್ಟು ಹೊತ್ತಿಗೆ ಸೋಡಾದ ನೊರೆ ಎಲ್ಲಿರುತ್ತದೆ? ರುಚಿ ತಿಳಿಯದ ನಾಲಗೆಗೆ ತಿಳಿಯಬಹುದಾಗಿದ್ದದ್ದು ಆ ಜುಮ್ಮೊಂದೇ. ಅದು ದಾರಿಯಲ್ಲೇ ಸತ್ತುಹೋಗುತ್ತಿತ್ತು. ಮಾವನವರು ನೋಡಿದರೆ ಬೇರು ಬದಲಾಯಿಸುತ್ತಾ ಕೂತಿದ್ದಾರೆ!

ಮಾವನವರ ಎದುರು ನಿಂತು ಮಾತಾಡುವ ರೂಢಿ ನನಗಿರಲಿಲ್ಲ. ಬಾಗಿಲ ಮರೆಯಿಂದಲೇ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟೆ. ಅವರು ಕೈಯಲ್ಲಿದ್ದ ಬೇರನ್ನು ಕೆಳಗಿಟ್ಟರು. "ಅಂಗಾರೆ ಇಷ್ಟು ದಿನ ನಾನು ಅವಳಿಗೆ ಕಲಗಚ್ಚು ಕುಡಿಸ್ದೆ ಅನ್ನು" ಎಂದರು. ಅಯ್ಯೋ, ಯಾಕಾದರೂ ಹೇಳಿದೆನೋ ಎನ್ನಿಸಿತು ನನಗೆ.

ಆ ಭಾನುವಾರ, ನಾದಿನಿಯನ್ನು ಕೊಟ್ಟಿದ್ದ ಅರಕಲಗೂಡಿನಿಂದ ಬೀಗರು ಐದು ಜನ ಬಂದರು. ಬೀಗರೆಂದರೆ ಗೊತ್ತಲ್ಲ, ವೀಳ್ಯದೆಲೆಯ ತೊಟ್ಟು ಯಾವ ಕಡೆಗಿತ್ತು ಎಂಬುದನ್ನೂ ನೆನಪಿಟ್ಟುಕೊಳ್ಳುವವರು. ನಡುಮನೆಯಲ್ಲಿ ಸಾಲಾಗಿ ಕೂತು ಪಾನಕಕ್ಕೆ ಕಾಯುತ್ತಿದ್ದರು. ಮಾವನವರು ಪಾಕದ ಮೇಲೆ ನಿಂಬೆ ಹಿಂಡಿ, ಗೋಲಿ ಒತ್ತಿ, ಸೋಡಾ ಸುರಿದು, ನೊರೆಯುಕ್ಕುವ ಮೊದಲ ಲೋಟವನ್ನು ಕೈಗೆತ್ತಿಕೊಂಡರು. ಹಿರಿಯ ಬೀಗರು ಕೈ ಚಾಚಿದರು. ಮಾವನವರು ಆ ಕೈಯನ್ನು ದಾಟಿಕೊಂಡು ಸರಸರನೆ ಅಡಿಗೆಮನೆಗೆ ಬಂದುಬಿಟ್ಟರು!

ಅತ್ತೆಯವರು ಗಾಬರಿಯಿಂದ ಎದ್ದು ನಿಂತರು. "ಬೀಗರು ಕೂತವ್ರೆ, ನೀವೂ ಕುಡುದಿಲ್ಲ. ನಾನೆಂಗೆ ಕುಡೀಲಿ?"

ಮಾವನವರು ಲೋಟಕ್ಕೆ ತುಟಿ ತಾಗಿಸಿ, ಒಂದೇ ಒಂದು ತೊಟ್ಟು ಹೀರಿದರು. "ಈಗ ನಾನು ಕುಡುದಂಗಾಯ್ತು. ಸೋಡಾ ಸಾಯೋದ್ರೊಳಗೆ ಕುಡಿ."

ಅತ್ತೆಯವರು ಕುಡಿದರು. ಜುಮ್ಮು ಮೂಗಿಗೇರಿ ಸೀನು ಬಂತು, ಕಣ್ಣಲ್ಲಿ ನೀರು ಬಂತು. ಆಮೇಲೆ, ನಾನು ಆ ಮನೆಗೆ ಬಂದಮೇಲೆ ಮೊದಲ ಬಾರಿಗೆ, ಅತ್ತೆಯವರು ನಕ್ಕರು. ಮಾವನವರು ಹೇಗಿದೆ ಎಂದು ಕೇಳಲೂ ಮರೆತು ನಿಂತಿದ್ದರು. ಅತ್ತೆಯವರೇ, "ಕಚ್ತೈತೆ ಕಣ್ರೀ" ಎಂದರು. "ಇನ್ನೊಂಚೂರು ಐತಾ?"

ಇದ್ದ ಸೋಡಾ ಶೀಶೆಗಳೆಲ್ಲ ಅಡಿಗೆಮನೆಗೆ ಬಂದವು. ಬೀಗರಿಗೆ ಬೇರಿನ ಪಾಕಕ್ಕೆ ತಣ್ಣೀರು ಬೆರೆಸಿ ಕೊಟ್ಟೆವು. ಅವರು ಈ ಕಥೆಯನ್ನು ಅರಕಲಗೂಡಿನಲ್ಲೆಲ್ಲ ಹೇಳಿಕೊಂಡು ತಿರುಗಿದರು, ಪಾಪ. ಎರಡನೆಯ ಲೋಟ ಮುಗಿಸಿದ ಅತ್ತೆಯವರು ತಟ್ಟೆ ಎಳೆದುಕೊಂಡು, ನಾಲಗೆ ಎಚ್ಚರವಾಗಿರುವಾಗಲೇ ಒಂದು ಮುದ್ದೆ ಹಾಕು ಎಂದರು. ಹಾಕಿದೆ. ಬಸ್ಸಾರಿನಲ್ಲಿ ಅದ್ದಿ ಅದ್ದಿ ಅಷ್ಟೂ ಉಂಡರು. ನಾನು ಸಂತೋಷ ತಡೆಯಲಾರದೆ ಒಲೆಯ ಕಡೆ ತಿರುಗಿ ಕೂತೆ.

ಕೈ ತೊಳೆಯುತ್ತಾ ಅತ್ತೆಯವರು, "ನಿಮ್ಮ ಮಾವ ಕುಡುದ್ರಾ, ಓಗಿ ನೋಡವ್ವ" ಎಂದರು.

ಹೋಗಿ ನೋಡಿದೆ. ಬೀಗರು ಜಗುಲಿಗೆ ಎದ್ದು ಹೋಗಿದ್ದರು. ಮಾವನವರು ನಡುಮನೆಯಲ್ಲಿ ಒಬ್ಬರೇ, ಕೆಸರು ಬಣ್ಣದ, ನೊರೆಯಿಲ್ಲದ ಪಾನಕದ ಲೋಟ ಹಿಡಿದು ಕೂತಿದ್ದರು. ಬಾಗಿಲ ಮರೆ ಬಿಟ್ಟು, ಅಂದೇ ಮೊದಲು ಅವರ ಎದುರಿಗೆ ಹೋಗಿ ನಿಂತು, ಹೇಗಿದೆ ಮಾವ ಎಂದು ಕೇಳಿದೆ. ಅವರು ಒಂದು ಗುಟುಕು ಕುಡಿದರು, ಹೆಗಲ ಮೇಲಿನ ವಲ್ಲಿಯಿಂದ ಕಣ್ಣೊರೆಸಿಕೊಂಡರು.

"ಐತೆ" ಎಂದರು.